ನರ್ಸಬಾಯಿಯ ತಕ್ಕಡಿ

ಸೇಡಂ, ಚಿತ್ತಾಪುರಗಳ ಕಡೆ ಒಬ್ಬರ ಕ್ಷೇಮಸಮಾಚಾರವನ್ನು ಬಾಯಿಂದ ಕೇಳುವುದಕ್ಕೆ ಮೊದಲು ಕಣ್ಣಿನಿಂದ ಅಳೆಯುತ್ತಾರೆ. ತವರಿಗೆ ಬಂದ ಮಗಳ ತೋಳು ಸಣ್ಣಗಾಗಿದ್ದರೆ, "ಯಾಕವ್ವಾ, ಹಿಂಗ್ಯಾಕ ಸೊರಗೀದಿ? ಅತ್ತಿ ಮನ್ಯಾಗ ಉಣ್ಲಾಕ ಕೊಡ್ತಾರಿಲ್ಲೊ?" ಎಂದು ಓಣಿಯ ಹೆಂಗಸರು ಕೇಳುತ್ತಾರೆ. ಬಳೆ ಬಿಗಿಯಾಗುವಷ್ಟು ಕೈ ತುಂಬಿಕೊಂಡಿದ್ದರೆ, "ಮೈ ಹಿಡದಾಳ, ಸುಖದಾಗ ಅದಾಳ" ಎಂದು ತಾಯಿಗೆ ಸಮಾಧಾನ ಹೇಳುತ್ತಾರೆ. ನಮ್ಮ ಕಡೆ ಮೈ ತುಂಬಿರುವುದೆಂದರೆ ಮನೆ ತುಂಬಿರುವುದು. ಸೊರಗುವುದೆಂದರೆ ಚಿಂತೆ, ರೋಗ ಇಲ್ಲವೆ ಬಡತನ. ಮೂರರಲ್ಲೊಂದು ಇರಲೇಬೇಕು.

ಇದನ್ನು ಅಜ್ಞಾನವೆಂದು ನಗುವವರು ಈ ಸೀಮೆಯ ಚರಿತ್ರೆಯನ್ನು ತಿಳಿಯದವರು. 1876ರಿಂದ 78ರವರೆಗಿನ ದೊಡ್ಡ ಬರ ದಖ್ಖಣವನ್ನೆಲ್ಲ ಹಿಂಡಿದಾಗ ನಿಜಾಮರ ರಾಜ್ಯದ ಈ ಭಾಗವೂ ಅದರಿಂದ ಪಾರಾಗಲಿಲ್ಲ. 1972ರ ಬರವನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಕೆಲಸ ಹುಡುಕಿಕೊಂಡು ರೈಲು ಹತ್ತಿದವರ, ದನಗಳ ಹಗ್ಗ ಬಿಚ್ಚಿ ಬಿಟ್ಟವರ ಮಾತು ಇಂದಿಗೂ ಕಟ್ಟೆಯ ಮೇಲೆ ಕೇಳಬರುತ್ತದೆ. ಹಸಿವನ್ನು ಇಷ್ಟು ಸಮೀಪದಿಂದ ಬಲ್ಲ ಜನರಿಗೆ ದವಾಖಾನೆಯ ನರ್ಸು ಎದುರು ನಿಂತು, "ಅವ್ವಾ, ನಿಮ್ಮ ತೂಕ ಜಾಸ್ತಿ ಆಗ್ಯಾದ, ಇಳಿಸಬೇಕು" ಎಂದರೆ ಹೇಗಿರಬೇಕು? ಈ ಒಂದು ವಾಕ್ಯ ನಮ್ಮ ಊರುಗಳಿಗೆ ಎಲ್ಲಿಂದ ಬಂದಿತು, ಅದನ್ನು ಹೇಳುವ ಹೊರೆ ವೈದ್ಯನಿಗಿಂತ ಹೆಚ್ಚಾಗಿ ನರ್ಸಿನ ಪಾಲಿಗೆ ಹೇಗೆ ಬಿದ್ದಿತು ಎಂಬುದನ್ನು ಕೆಲವು ಕಾಲದಿಂದ ಕೆದಕುತ್ತಿದ್ದೇನೆ. ಸಿಕ್ಕಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಊರುಗಳ ಮಾತು. ಮುಂಬಯಿಯಿಂದ ರಾಯಚೂರಿಗೆ ರೈಲು ದಾರಿ 1871ರಲ್ಲಿ ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ದಾರಿ ಕವಲೊಡೆಯಿತು. ಶಹಾಬಾದ ಮೊದಲನೆಯ ದಾರಿಯ ಮೇಲೆ, ಚಿತ್ತಾಪುರ ಸೇಡಂಗಳು ಎರಡನೆಯದರ ಮೇಲೆ. ಚಿಂಚೋಳಿ ಮಾತ್ರ ತೊಗರಿಯ ಹೊಲಗಳನ್ನೂ ಕುರುಚಲು ಕಾಡನ್ನೂ ತಾಂಡಾಗಳನ್ನೂ ಹೊದ್ದುಕೊಂಡು ರೈಲು ದಾರಿಯಿಂದ ದೂರ ಉಳಿಯಿತು. ದೊಡ್ಡ ಕಾಯಿಲೆಯಾದರೆ ಗಾಡಿ ಹತ್ತಿ ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಗೆ ಹೋಗುವುದು ಈ ಕಡೆಯವರ ರೂಢಿ. "ಆಸ್ಪತ್ರೆ" ಎಂಬ ಮಾತು ಪುಸ್ತಕದಲ್ಲಿ; ನಾಲಗೆಯ ಮೇಲೆ ಇಂದಿಗೂ "ದವಾಖಾನಿ"ಯೇ.

ದವಾಖಾನೆ ಇತ್ತು, ಹಕೀಮರಿದ್ದರು, ಊರೂರಿಗೆ ಸೂಲಗಿತ್ತಿಯರಿದ್ದರು. ನರ್ಸು ಎಂಬ ವ್ಯಕ್ತಿ ಮಾತ್ರ ಬಹಳ ತಡವಾಗಿ ಬಂದವಳು. 1946ರ ಭೋರ್ ಸಮಿತಿಯ ವರದಿಯಲ್ಲಿ ಒಂದು ಲೆಕ್ಕವಿದೆ: ಬ್ರಿಟಿಷ್ ಇಂಡಿಯಾದಲ್ಲಿ 43,000 ಜನಕ್ಕೆ ಒಬ್ಬ ನರ್ಸು, 60,000 ಜನಕ್ಕೆ ಒಬ್ಬ ಸೂಲಗಿತ್ತಿ ತರಬೇತಿ ಪಡೆದವಳು, 4 ಲಕ್ಷ ಜನಕ್ಕೆ ಒಬ್ಬ ಮನೆಮನೆಗೆ ಹೋಗುವ ಆರೋಗ್ಯ ಸಂದರ್ಶಕಿ. ಇದು ಇಂಗ್ಲಿಷರ ಸೀಮೆಯ ಮಾತು. ನಿಜಾಮರ ಸೀಮೆಯ ಹಳ್ಳಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯವಿತ್ತೆಂದು ನಂಬಲು ಕಾರಣವಿಲ್ಲ.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1956ರಲ್ಲಿ ಕಲಬುರ್ಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ನಡುವೆ, 1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ಸಹಾಯಕ ನರ್ಸು-ಸೂಲಗಿತ್ತಿಯರಿಗೆ ಎರಡು ವರ್ಷದ ಶಿಕ್ಷಣ ಆರಂಭವಾಯಿತು. 1952ರ ಸಮುದಾಯ ಅಭಿವೃದ್ಧಿ ಯೋಜನೆಯ ಬೆನ್ನಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿಕೊಂಡವು. ಬಿಳಿ ಸೀರೆ, ಕೈಯಲ್ಲಿ ಚೀಲ, ಕಾಲಿಗೆ ಧೂಳು. "ನರ್ಸಬಾಯಿ" ನಮ್ಮ ಓಣಿಗಳಿಗೆ ಕಾಲಿಟ್ಟದ್ದು ಹೀಗೆ. ಆ ಮೇಲೆ ಸರಕಾರ ಆಕೆಯ ಹುದ್ದೆಯ ಹೆಸರನ್ನು ಎಷ್ಟು ಸಲ ಬದಲಾಯಿಸಿತೋ ಲೆಕ್ಕವಿಲ್ಲ. ಜನ ಮಾತ್ರ ನರ್ಸಬಾಯಿ ಎಂಬುದನ್ನು ಬಿಟ್ಟು ಸಿಸ್ಟರ್ ಎಂಬುದನ್ನು ಹಿಡಿದರು, ಅಷ್ಟೆ.

ಆಕೆ ಆಗ ಹೇಳುತ್ತಿದ್ದುದೇನು? ಒಂದೇ ಮಾತು: ತಿನ್ನಿ. ಬಸುರಿಗೆ, ಬಾಣಂತಿಗೆ, ಕೂಸಿಗೆ, ಕ್ಷಯದ ರೋಗಿಗೆ, ಎಲ್ಲರಿಗೂ ಅದೇ ಉಪದೇಶ. ಯುನಿಸೆಫ್ ಕಳಿಸಿದ ಹಾಲಿನ ಪುಡಿಯನ್ನು ಹಂಚಿದವಳು ಆಕೆ. ಕಬ್ಬಿಣಸತ್ವದ ಗುಳಿಗೆ ನುಂಗಿಸಿದವಳು ಆಕೆ. ಆಕೆಯ ತಕ್ಕಡಿಯೂ ಅದಕ್ಕಾಗಿಯೇ ಇದ್ದ ತಕ್ಕಡಿ. ಕೂಸನ್ನು ಜೋಳಿಗೆಯಲ್ಲಿ ತೂಗುಹಾಕಿ ಮುಳ್ಳು ಮೇಲೇರಿದರೆ ತಾಯಿಯೂ ನರ್ಸೂ ಕೂಡಿ ನಗುತ್ತಿದ್ದರು. ಇಳಿದರೆ ಇಬ್ಬರ ಮುಖವೂ ಬಾಡುತ್ತಿತ್ತು. ಮುಳ್ಳು ಇಳಿದರೆ ಸಂತೋಷಪಡಬೇಕಾದ ಕಾಲ ಬಂದೀತೆಂದು ಯಾರಿಗಾದರೂ ಹೊಳೆದಿದ್ದೀತೆ!

ಆಕೆಯ ಮಾತಿಗೆ ನಡುವೆ ಒಂದು ದೊಡ್ಡ ಪೆಟ್ಟು ಬಿದ್ದಿತು. ಅದನ್ನು ಹೇಳದೆ ಮುಂದೆ ಹೋದರೆ ಚರಿತ್ರೆ ಅರ್ಧವಾದೀತು. ಕುಟುಂಬ ಯೋಜನೆಯ ಗುರಿಗಳು, ಅದರಲ್ಲಿಯೂ 1975-77ರ ತುರ್ತು ಪರಿಸ್ಥಿತಿಯ ದಿನಗಳು, ನರ್ಸಿನ ಸಲಹೆಯನ್ನು ಅಪ್ಪಣೆಯನ್ನಾಗಿ ಮಾಡಿದವು. ತಿಂಗಳಿಗೆ ಇಷ್ಟು ಶಸ್ತ್ರಚಿಕಿತ್ಸೆ ಎಂದು ಮೇಲಿನವರು ಕೇಳುವುದು, ಈಕೆ ಮನೆಮನೆ ತಿರುಗುವುದು, ಹೆಂಗಸರು ಬಾಗಿಲ ಹಿಂದೆ ಅಡಗುವುದು. ಆ ಗುರಿಗಳ ಪದ್ಧತಿಯನ್ನು ದೇಶದಲ್ಲಿ ಕೈಬಿಟ್ಟದ್ದು 1996ರಲ್ಲಿ. ಹೆಂಗಸಿನ ಮೈಯ ವಿಷಯವನ್ನು ಸರಕಾರದ ಬಾಯಿಂದ ಕೇಳಿಸಿಕೊಳ್ಳುವಾಗ ಇಂದಿಗೂ ಒಂದು ತಲೆಮಾರು ಹಿಂಜರಿಯುತ್ತದೆ. ತೂಕದ ಮಾತೂ ಮೈಯ ಮಾತೇ ಅಲ್ಲವೆ? ಇಂದಿನ ಕಿರಿಯ ನರ್ಸುಗಳಿಗೆ ಈ ಹಳೆಯ ಸಾಲದ ಪರಿಚಯವಿಲ್ಲ. ಬಡ್ಡಿಯನ್ನು ಮಾತ್ರ ಅವರು ಕಟ್ಟುತ್ತಿದ್ದಾರೆ.

ಹಾಗೆ ನೋಡಿದರೆ ಆಹಾರದ ಬಗೆಗೆ ಬುದ್ಧಿ ಹೇಳುವುದು ಈ ನೆಲಕ್ಕೆ ಹೊಸದೇನಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಆ ಹಾಳು ಕೋಟೆಯ ಊರು, ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಜೈನ ವೈದ್ಯ ಉಗ್ರಾದಿತ್ಯಾಚಾರ್ಯ 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದ. ಅದರ ಹಿತಾಹಿತದ ಅಧ್ಯಾಯ, ಮಾಂಸಾಹಾರ ನಿರುಪಯೋಗವೆಂದು ನೃಪತುಂಗನ ಆಸ್ಥಾನದಲ್ಲಿ ವೈದ್ಯರ ಮುಂದೆ ಮಾಡಿದ ಉಪನ್ಯಾಸವೆಂದು ಹೇಳಿಕೊಳ್ಳುತ್ತದೆ. ಅದಕ್ಕೂ ಹಿಂದಿನ ಚರಕಸಂಹಿತೆ ಅತಿಸ್ಥೂಲನನ್ನೂ ಅತಿಕೃಶನನ್ನೂ ಒಂದೇ ಪಟ್ಟಿಯಲ್ಲಿ, ನಿಂದಿತರಾದ ಎಂಟು ಬಗೆಯ ಜನರಲ್ಲಿ ಎಣಿಸುತ್ತದೆ. 'ನಿಂದಿತ' ಎಂಬ ಮಾತನ್ನು ಗಮನಿಸಬೇಕು. ದಪ್ಪಗಿರುವವನನ್ನು ನಿಂದಿಸುವ ಚಾಳಿ ಅಷ್ಟು ಹಳೆಯದು! ಆದರೆ ಅದೇ ಗ್ರಂಥ ಚಿಕಿತ್ಸೆಗೆ ನಾಲ್ಕು ಕಾಲುಗಳನ್ನು ಹೇಳುವಾಗ ವೈದ್ಯ, ಔಷಧ, ರೋಗಿ ಇವರ ಸಮಕ್ಕೆ ಉಪಸ್ಥಾತನನ್ನು, ಎಂದರೆ ರೋಗಿಯ ಶುಶ್ರೂಷೆ ಮಾಡುವವನನ್ನು, ನಿಲ್ಲಿಸುತ್ತದೆ. ಅವನಿಗಿರಬೇಕಾದ ಗುಣಗಳಲ್ಲಿ ಉಪಚಾರದ ತಿಳಿವಳಿಕೆ, ಜಾಣತನ, ಶುಚಿತ್ವಗಳ ಜೊತೆಗೆ ರೋಗಿಯ ಮೇಲಿನ ಅನುರಾಗವನ್ನೂ ಸೇರಿಸುತ್ತದೆ. ಆಸ್ಥಾನದ ಉಪನ್ಯಾಸಕ್ಕಿಂತ ನನಗೆ ಈ ಅನುರಾಗದ ಮಾತು ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಈಗ ಮೈ ದಪ್ಪವಾದುದರ ಕಥೆಗೆ ಬರೋಣ. ಶಹಾಬಾದದಲ್ಲಿ ಸಿಮೆಂಟು ಕಾರ್ಖಾನೆ 1920ರ ದಶಕದಲ್ಲಿಯೇ ಬಂದಿತು, ವಾಡಿಯ ಎ.ಸಿ.ಸಿ. ಕಾರ್ಖಾನೆ ಆರಂಭವಾದದ್ದು 1968ರಲ್ಲಿ. 1980ರ ದಶಕದಲ್ಲಿ ಸೇಡಂ, ಮಳಖೇಡಗಳಲ್ಲಿಯೂ ಚಿಮಣಿಗಳು ಎದ್ದವು. ಶಹಾಬಾದದ ಬಂಡೆಯನ್ನು ಕೈಯಿಂದ ಎಬ್ಬಿಸಿ ಹೆಗಲ ಮೇಲೆ ಹೊರುತ್ತಿದ್ದ ತಂದೆಯ ಮಗ ಗುಂಡಿ ಒತ್ತುವ ಕೆಲಸಕ್ಕೆ ಕುಳಿತ. ಮೊಮ್ಮಗ ಮೋಟರ್ ಸೈಕಲ್ ಏರಿದ. ಬೀಸುವ ಕಲ್ಲು ಅಂಗಳದ ಮೂಲೆ ಸೇರಿತು, ಗಿರಣಿ ಬಂದಿತು. ಬಾವಿಯ ಹಗ್ಗ ಹೋಗಿ ನಲ್ಲಿ ಬಂದಿತು. ಬರಲೇಬೇಕಾಗಿತ್ತು, ಆ ಹಗ್ಗ ಹಿಡಿದವರಾರೂ ಅದಕ್ಕಾಗಿ ಅಳುವುದಿಲ್ಲ. ಆದರೆ ಮೈ ಮುರಿಯುವ ದುಡಿಮೆಗೆ ಹೊಂದಿದ್ದ ಊಟದ ಪ್ರಮಾಣ ಮಾತ್ರ ದುಡಿಮೆಯ ಜೊತೆಗೆ ಇಳಿಯಲಿಲ್ಲ.

ಊಟದ ಬಗೆಯೂ ಬದಲಾಯಿತು. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿಬೇಳೆ, ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ ಇದ್ದ ತಾಟಿನಲ್ಲಿ ಪಡಿತರದ ಅಕ್ಕಿಯ ಅನ್ನ ದಿನೇ ದಿನೇ ದೊಡ್ಡದಾಯಿತು. 2013ರಲ್ಲಿ ಅನ್ನಭಾಗ್ಯ ಬಂದಿತು. ಇದರಿಂದ ಹಸಿವು ತಗ್ಗಿತೆಂಬುದನ್ನು ಮರೆತು ಅನ್ನವನ್ನು ಹಳಿಯುವುದು ಹೊಟ್ಟೆ ತುಂಬಿದವರ ಚಪಲ. ನಾನು ಆ ಗುಂಪಿಗೆ ಸೇರಲಾರೆ. ನನ್ನ ಮಾತು ಬೇರೆ. ಎಣ್ಣೆ ಪಾಕೀಟಿನಲ್ಲಿ ಅಗ್ಗವಾಯಿತು, ಸಕ್ಕರೆ ಅಗ್ಗವಾಯಿತು, ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿ ಹಬ್ಬದ ತಿಂಡಿಯಾಗಿದ್ದುದು ಸಂಜೆಯ ತಿಂಡಿಯಾಯಿತು. ಪಲ್ಯ, ಬೇಳೆ, ಹಣ್ಣುಗಳು ಮಾತ್ರ ತುಟ್ಟಿಯಾದವು. ತೊಗರಿಯ ಕಣಜವೆನ್ನಿಸಿಕೊಂಡ, 2019ರಲ್ಲಿ ತನ್ನ ತೊಗರಿಬೇಳೆಗೆ ಭೌಗೋಳಿಕ ಗುರುತನ್ನು ಪಡೆದ ಜಿಲ್ಲೆಯಲ್ಲಿ ಬಡವರ ಮನೆಯ ಬೇಳೆ ನೀರಾಯಿತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ನೋಡಿ. 2005-06ರಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ 35ಕ್ಕೂ ಹೆಚ್ಚು ಮಂದಿ ತೀರ ತೆಳ್ಳಗಿದ್ದರು, 12.6 ಮಂದಿಗೆ ತೂಕ ಹೆಚ್ಚಾಗಿತ್ತು. 2019-21ರ ವೇಳೆಗೆ ತೆಳ್ಳಗಿನವರು 18.7ಕ್ಕೆ ಇಳಿದು, ತೂಕ ಹೆಚ್ಚಾದವರು 24ಕ್ಕೆ ಏರಿದ್ದರು. ಕರ್ನಾಟಕದಲ್ಲಿ ಈ ಎರಡನೆಯದು 30. ಮುಳ್ಳು ಕೆಳಗಿನಿಂದ ಮೇಲಕ್ಕೆ ದಾಟಿದ್ದು ನಮ್ಮ ಕಣ್ಣೆದುರಿಗೇ, ಹದಿನೈದು ವರ್ಷಗಳೊಳಗೆ. ಅದಲ್ಲದೆ ರಾಜ್ಯದ ಹೆಂಗಸರಲ್ಲಿ ಅರ್ಧಕ್ಕೆ ಸಮೀಪದವರಿಗೆ ರಕ್ತ ಕಡಿಮೆ. ಒಬ್ಬಳೇ ಹೆಂಗಸು ದಪ್ಪವಾಗಿಯೂ ಇದ್ದಾಳೆ, ರಕ್ತವಿಲ್ಲದೆ ಬಿಳಿಚಿಕೊಂಡೂ ಇದ್ದಾಳೆ. ಆಕೆಗೆ "ತಿನ್ನಿ" ಎನ್ನುವವಳೂ "ತಿನ್ನಬೇಡಿ" ಎನ್ನುವವಳೂ ಅದೇ ನರ್ಸು. ಅಂದಮೇಲೆ ಗುಳಿಗೆ ಹಂಚಿದಷ್ಟು ಸುಲಭದ ಕೆಲಸವೆ ಇದು?

ಅಳತೆಯ ಕೋಲಿಗೂ ಒಂದು ಚರಿತ್ರೆಯುಂಟು, ಅದು ಸ್ವಾರಸ್ಯವಾದುದು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಕಂಡುಹಿಡಿದವನು ಕೆಟಲೆ ಎಂಬ ಬೆಲ್ಜಿಯಮ್ಮಿನ ಖಗೋಳಶಾಸ್ತ್ರಜ್ಞ. ವೈದ್ಯನಲ್ಲ, ನಕ್ಷತ್ರ ನೋಡುವವನು! ಅದಕ್ಕೆ ಇಂದಿನ ಹೆಸರು ಬಂದದ್ದು 1972ರಲ್ಲಿ. ನಡುವಿನ ಕಾಲದಲ್ಲಿ ಜನರ ತೂಕದ ಚಿಂತೆ ಮಾಡಿದವು ಅಮೆರಿಕದ ವಿಮಾ ಕಂಪನಿಗಳು; ದಪ್ಪಗಿನವರು ಬೇಗ ಸತ್ತರೆ ನಷ್ಟ ಅವುಗಳದು ತಾನೆ. ಮೆಟ್ರೊಪಾಲಿಟನ್ ಎಂಬ ಕಂಪನಿ 1940ರ ದಶಕದಲ್ಲಿ ಎತ್ತರಕ್ಕೆ ತಕ್ಕ ತೂಕದ ಕೋಷ್ಟಕಗಳನ್ನು ಹೊರತಂದಿತು. ಅದೇ ಕಂಪನಿ 1909ರಿಂದ 1953ರವರೆಗೆ ತನ್ನ ಪಾಲಿಸಿದಾರರ ಮನೆಗಳಿಗೆ ನರ್ಸುಗಳನ್ನು ಕಳಿಸುತ್ತಿತ್ತು. ಕೋಷ್ಟಕಗಳು ಲೋಕವೆಲ್ಲ ಹರಡಿದವು, ನರ್ಸುಗಳನ್ನು ಮಾತ್ರ ಕಂಪನಿ ನಿಲ್ಲಿಸಿತು.

ನಮ್ಮವರಿಗೆ ಆ ಪಾಶ್ಚಾತ್ಯ ಅಳತೆ ಸರಿಹೊಂದದು ಎಂಬುದು ಗೊತ್ತಾದದ್ದು ಇತ್ತೀಚೆಗೆ. ಪುಣೆಯ ವೈದ್ಯ ಯಾಜ್ಞಿಕರೂ ಇಂಗ್ಲೆಂಡಿನ ಅವರ ಗೆಳೆಯ ಯುಡ್ಕಿನ್ನರೂ 2004ರಲ್ಲಿ ತಮ್ಮದೇ ಚಿತ್ರವನ್ನು ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ 22.3; ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ತೆಳ್ಳಗೆ ಕಾಣುವ ಭಾರತೀಯನ ಹೊಟ್ಟೆಯೊಳಗೆ ಕೊಬ್ಬು ಅಡಗಿರುತ್ತದೆ. ಸಕ್ಕರೆ ಕಾಯಿಲೆ ಅಲ್ಲಿಂದಲೇ ಹೊರಡುತ್ತದೆ. ಆದ್ದರಿಂದ ನಮಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ನಿರ್ಣಯಿಸಿದ್ದಾರೆ. ಐದು ಅಡಿ ಎತ್ತರದ ಹೆಂಗಸಿಗೆ ಇದು 53 ಕಿಲೊ ಮತ್ತು 58 ಕಿಲೊ. ನಮ್ಮ ಓಣಿಯ ಕಣ್ಣಿಗೆ 58 ಕಿಲೊ ತೂಗುವವಳು "ಸುಖದಾಗ ಇರುವಾಕಿ"ಯೇ ಹೊರತು ರೋಗಿಯಲ್ಲ.

ಈ ಅಳತೆಯ ಟೇಪು ನಮ್ಮ ಹಳ್ಳಿಗಳಿಗೆ ಬಂದದ್ದು ಮೊನ್ನೆ ಮೊನ್ನೆ. ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರುಗಳ ರಾಷ್ಟ್ರೀಯ ಕಾರ್ಯಕ್ರಮ 2010ರದು. 2018ರಿಂದ ಉಪಕೇಂದ್ರಗಳನ್ನು ಕ್ಷೇಮ ಕೇಂದ್ರಗಳಾಗಿ ಮಾರ್ಪಡಿಸಿ, ನರ್ಸಿಂಗ್ ಓದಿದವರನ್ನು ಸಮುದಾಯ ಆರೋಗ್ಯ ಅಧಿಕಾರಿಗಳೆಂದು ಅಲ್ಲಿ ಕೂಡಿಸಿದರು. ಮೂವತ್ತು ದಾಟಿದ ಪ್ರತಿಯೊಬ್ಬರ ಬಗ್ಗೆಯೂ ಆಶಾ ಕಾರ್ಯಕರ್ತೆ ಒಂದು ಪತ್ರ ತುಂಬಬೇಕು. ಅದರಲ್ಲಿ ಸೊಂಟದ ಸುತ್ತಳತೆಗೂ ಅಂಕವಿದೆ. ಹೆಂಗಸಿಗೆ 80 ಸೆಂಟಿಮೀಟರಿನೊಳಗಿದ್ದರೆ ಸೊನ್ನೆ, 90ರವರೆಗೆ ಒಂದು, ಮೇಲಾದರೆ ಎರಡು. ಗಂಡಸಿಗೆ ಹತ್ತು ಹತ್ತು ಸೆಂಟಿಮೀಟರು ರಿಯಾಯಿತಿ. ಕಾರ್ಖಾನೆಯ ಊರುಗಳಲ್ಲಿ ಇನ್ನೊಂದು ಕಟ್ಟಲೆಯೂ ಇತ್ತು. 1948ರ ಕಾರ್ಖಾನೆ ಕಾಯಿದೆಯಂತೆ 250 ಜನರಿಗಿಂತ ಹೆಚ್ಚು ದುಡಿಯುವಲ್ಲಿ ಕ್ಯಾಂಟೀನು ಇರಬೇಕೆಂದು ಸರಕಾರ ವಿಧಿಸಬಹುದಾಗಿತ್ತು, 500 ಜನರಿಗಿಂತ ಹೆಚ್ಚಿದ್ದರೆ ಪ್ರಥಮೋಪಚಾರದ ಕೋಣೆಯೂ ಅದಕ್ಕೆ ನರ್ಸೂ ಇರಬೇಕಾಗಿತ್ತು. ಆ ನರ್ಸು ಆ ಕ್ಯಾಂಟೀನಿನ ಒಳಗೆ ಹೋಗಿ ಎಣ್ಣೆಯ ಬಾಣಲೆಯನ್ನು ನೋಡಬೇಕೆಂದು ಮಾತ್ರ ಆ ಕಾಯಿದೆ ಎಲ್ಲಿಯೂ ಹೇಳಿರಲಿಲ್ಲ.

ಹೇಳುವ ಬಗೆ ಹೇಗಿರಬೇಕೆಂಬುದನ್ನು ಬಹಳ ಹಿಂದೆಯೇ ಯೋಚಿಸಿದವಳು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ಚಿತ್ರದಿಂದಾಚೆಗೆ ಆಕೆಯನ್ನು ನಾವು ಬಲ್ಲದ್ದು ಕಡಿಮೆ. ಎಪ್ಪತ್ತು ದಾಟಿದ ಮೇಲೆ, 1892ರಲ್ಲಿ, ಬಕಿಂಗ್‌ಹ್ಯಾಮ್‌ಶೈರಿನ ಹಳ್ಳಿಗಳಿಗೆಂದು ಆಕೆ ಆರೋಗ್ಯ ಬೋಧಕಿಯರ ಶಿಕ್ಷಣಕ್ಕೆ ಕೈಹಾಕಿದಳು. ಉಪನ್ಯಾಸದಿಂದ ಏನೂ ಆಗದು, ಬೋಧಕಿಯು ಹಳ್ಳಿಯ ತಾಯಂದಿರ ಗೆಳತಿಯಾಗಿ ಅವರ ಮನೆಯೊಳಗೆ ಬರಮಾಡಿಸಿಕೊಳ್ಳಬೇಕು, ಅಲ್ಲಿರುವ ಸಾಮಾನಿನಿಂದಲೇ ಮಾಡಿ ತೋರಿಸಬೇಕು ಎಂಬುದು ಆಕೆಯ ಪಟ್ಟು. ಚರಕನ ಅನುರಾಗವೂ ಇದೇ ಅಲ್ಲದೆ ಮತ್ತೇನು?

ಇದನ್ನು ನಾನು ಕಣ್ಣಾರೆ ಕಂಡದ್ದು ಚಿಂಚೋಳಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ. ಊರಿನ ಹೆಸರು ಬೇಡ. ಐವತ್ತರ ಆಸುಪಾಸಿನ ಹೆಂಗಸು; ಐದಡಿ ಎತ್ತರ, 68 ಕಿಲೊ ತೂಕ, ಮೊಣಕಾಲು ನೋವು, ಸಕ್ಕರೆ ಈಗ ತಾನೆ ಗಡಿಯ ಮೇಲೆ. ಪಟ್ಟಣದ ಒಬ್ಬ ಡಾಕ್ಟರು ಅರ್ಧ ನಿಮಿಷದಲ್ಲಿ "ಅನ್ನ ಬಿಡು, ಸಕ್ಕರಿ ಬಿಡು, ದಿನಾ ವಾಕಿಂಗ್ ಮಾಡು" ಎಂದಿದ್ದರಂತೆ. ಆಕೆ ಮಧ್ಯಾಹ್ನದ ಊಟವನ್ನೇ ಬಿಟ್ಟು, ಸಂಜೆ ಸಂಕಟ ತಡೆಯದೆ ಭಜಿ ತಿನ್ನುತ್ತಿದ್ದಳು.

ಸಿಸ್ಟರು ಬೈಯಲಿಲ್ಲ. "ನಿನ್ನಿ ಮುಂಜಾನಿಂದ ರಾತ್ರಿತನಕ ಏನೇನ್ ಉಂಡ್ರಿ, ಏನೇನ್ ಕುಡದ್ರಿ, ಹೇಳ್ರಿ ಅವ್ವಾ" ಎಂದಳು. ಲೆಕ್ಕದಲ್ಲಿ ಚಹಾ ಆರು ಸಲ ಬಂದಿತು. ಸಲಕ್ಕೆ ಎರಡು ಚಮಚ ಸಕ್ಕರೆ.

"ಚಾ ಬಿಡ್ರಿ ಅಂತ ನಾ ಅನ್ನಂಗಿಲ್ಲ. ಹನ್ನೆರಡ ಚಮಚ ಆರ ಆಗ್ತಾವೇನು ನೋಡ್ರಿ."

"ಆರ ಆದ್ರ ಚಾ ಅಂತಾರೇನವ್ವಾ ಅದಕ್ಕ?"

"ಎಂಟ ಮಾಡ್ರಿ ಹಂಗಾರ."

ಆ ಮೇಲೆ ಎಣ್ಣೆ. ಮನೆಯಲ್ಲಿ ಐದು ಜನ. ತಿಂಗಳಿಗೆ ಆರು ಲೀಟರು. ಕುಳಿತು ಬದುಕುವ ಒಬ್ಬರಿಗೆ ದಿನಕ್ಕೆ 20ರಿಂದ 25 ಗ್ರಾಂ ಸಾಕೆಂಬ ಶಾಸ್ತ್ರದ ಮಾತನ್ನು ಸಿಸ್ಟರು ಆಡಲಿಲ್ಲ. ಐದು ಜನಕ್ಕೆ ನಾಲ್ಕು ಪಾಕೀಟಿನೊಳಗೆ ಅಡಿಗೆ ಆದೀತೇ ಎಂದು ಕೇಳಿದಳು. "ಅಡಗಿ ಮಾಡಾಕಿ ಸೊಸಿ, ಎಣ್ಣಿ ತರಾಂವ ಮಗ, ನನ್ನ ಮಾತ ಯಾರ ಕೇಳ್ತಾರ?" ಎಂದು ಉತ್ತರ ಬಂದಿತು. ಮುಂದಿನ ಸಲ ಸೊಸೆಯನ್ನೂ ಕರೆತರುವಂತೆ ಹೇಳಿದಳು. ಜೋಳದ ರೊಟ್ಟಿ ಒಳ್ಳೆಯದು, ಆದರೆ ಒಳ್ಳೆಯದೆಂದು ನಾಲ್ಕು ತಿನ್ನಬಾರದು ಎಂಬುದನ್ನೂ ಸೇರಿಸಿದಳು. ಇದನ್ನು ಕೇಳಿ ನನಗೆ ಸಮಾಧಾನವಾಯಿತು. ಹಳೆಯದೆಲ್ಲ ಅಮೃತವೆಂದು ಸಾರುವವರ ಹಾವಳಿ ಇತ್ತೀಚೆಗೆ ಹೆಚ್ಚಾಗಿದೆ.

ನಡೆಯುವ ಮಾತು ಬಂದಾಗ ಹೆಂಗಸು ನಕ್ಕುಬಿಟ್ಟಳು. "ಹೊಲಕ್ಕ ಹೋಗಾಕಿ ಹೋದ್ರ ಯಾರೂ ಕೇಳಂಗಿಲ್ಲ. ಸುಮ್ನ ರೋಡಿನ್ಯಾಗ ತಿರುಗಿದ್ರ, ಈಕಿಗೇನ್ ತಲಿ ಕೆಟ್ಟದೇನು ಅಂತಾರ." ನಿಜವೇ. ಬೇಸಗೆಯಲ್ಲಿ 42 ಡಿಗ್ರಿ ಸುಡುವ ಊರಿನಲ್ಲಿ, ಉದ್ಯಾನವಿಲ್ಲದ ಊರಿನಲ್ಲಿ, ಕಾರಣವಿಲ್ಲದೆ ಹೆಂಗಸು ಹೇಗೆ ನಡೆದಾಳು? ಕೊನೆಗೆ ಊರ ಹೊರಗಿನ ಹನುಮಪ್ಪನ ಗುಡಿಗೆ ಬೆಳಿಗ್ಗೆ ನೆರೆಯವಳೊಬ್ಬಳ ಸಂಗಡ ಹೋಗಿ ಬರುವುದೆಂದು ಒಪ್ಪಂದವಾಯಿತು. ಟೇಪು ಸೊಂಟಕ್ಕೆ ಬಂದಾಗ, "ನಿಮ್ದೆಷ್ಟ್ರಿ ಸಿಸ್ಟರ್?" ಎಂದು ಕೇಳಿಯೇಬಿಟ್ಟಳು. ರಾತ್ರಿ ಹೆರಿಗೆ, ಹೊತ್ತು ಗೊತ್ತಿಲ್ಲದ ಊಟ, ಸಿಸ್ಟರೂ ತೆಳ್ಳಗಿರಲಿಲ್ಲ. ಟೇಪನ್ನು ತನಗೇ ಸುತ್ತಿಕೊಂಡು "ಎಂಬತ್ತಾರು" ಎಂದು ಓದಿದಳು. ಅಲ್ಲಿಂದ ಮುಂದೆ ಇಬ್ಬರ ಮಾತು ಬಹಳ ಸಲೀಸಾಯಿತು.

ಇಷ್ಟಕ್ಕೆಲ್ಲ ಇಪ್ಪತ್ತು ನಿಮಿಷ ಹಿಡಿಯಿತು. ಹೊರಗೆ ಲಸಿಕೆಗೆ ಬಂದ ಕೂಸುಗಳು ಅಳುತ್ತಿದ್ದವು, ಮೊಬೈಲಿನಲ್ಲಿ ತುಂಬಬೇಕಾದ ವರದಿಗಳು ಕಾದಿದ್ದವು. ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರವೆಂಬ ಲೆಕ್ಕದಲ್ಲಿ ಇಂಥ ಇಪ್ಪತ್ತು ನಿಮಿಷಗಳನ್ನು ದಿನಕ್ಕೆ ಎಷ್ಟು ಜನಕ್ಕೆ ಕೊಡಲಾದೀತು? ನರ್ಸು ಸರಿಯಾಗಿ ಸಲಹೆ ಕೊಡುವುದಿಲ್ಲವೆಂದು ದೂರುವವರು ಮೊದಲು ಈ ಗುಣಾಕಾರವನ್ನು ಮಾಡಿ ನೋಡಬೇಕು.

ಮೂರು ತಿಂಗಳ ಮೇಲೆ ಮತ್ತೆ ಆ ದಾರಿಯಲ್ಲಿ ಹೋಗಿದ್ದೆ. ಹೆಂಗಸಿನ ತೂಕ 67. ಒಂದೇ ಕಿಲೊ! ನನಗೆ ನಿರಾಶೆಯಾಯಿತು, ಸಿಸ್ಟರಿಗೆ ಆಗಲಿಲ್ಲ. ಆಕೆಯ ಪರವಾಗಿ ಶಾಸ್ತ್ರವೂ ಇದೆ. ಚೆನ್ನೈಯಲ್ಲಿ ಡಾಕ್ಟರ್ ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಅನುಸರಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟ ಮತ್ತು ನಡಿಗೆಯ ಸಲಹೆಯನ್ನು ಪದೇ ಪದೇ ಪಡೆದವರಲ್ಲಿ ಕಾಯಿಲೆ ಬರುವ ಸಂಭವ ನೂರಕ್ಕೆ 28.5ರಷ್ಟು ತಗ್ಗಿತ್ತು, ಅವರ ತೂಕ ಮಾತ್ರ ಇಳಿದಿರಲಿಲ್ಲ. ತಕ್ಕಡಿ ಸುಮ್ಮನಿದ್ದಾಗಲೂ ಮೈಯೊಳಗೆ ಕೆಲಸ ನಡೆದಿತ್ತು.

ಉಪಕೇಂದ್ರದ ರಿಜಿಸ್ಟರನ್ನು ಸಿಸ್ಟರು ತೆರೆದು ತೋರಿಸಿದಳು. ತೂಕಕ್ಕೆ, ಸುತ್ತಳತೆಗೆ, ರಕ್ತದೊತ್ತಡಕ್ಕೆ, ಸಕ್ಕರೆಗೆ ಒಂದೊಂದು ಕಾಲಂ ಇದ್ದಿತು. ಆರು ಪಾಕೀಟು ಎಣ್ಣೆ ನಾಲ್ಕೂವರೆಗೆ ಇಳಿದದ್ದನ್ನೂ ಸೊಸೆ ಎರಡು ಸಲ ಬಂದುಹೋದದ್ದನ್ನೂ ಆಕೆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಳು.